ಕೂದಲು ಹೊದ್ದ ಆನೆಗಳು ಮತ್ತು ಪ್ರೇಕ್ಷಕರ ನಗು

ಸೇಲಂನ ಏರ್ಕಾಡು ರಸ್ತೆಯಲ್ಲಿ ಮಾಡರ್ನ್ ಥಿಯೇಟರ್ಸ್‌ನ ನೆನಪಾಗಿ ಉಳಿದಿರುವುದು ಅದರ ಕಮಾನು. ಟಿ. ಆರ್. ಸುಂದರಂ ಅವರ ಆ ಸಂಸ್ಥೆ ಅಮೆರಿಕದವರೊಡಗೂಡಿ 1952ರಲ್ಲಿ 'ದಿ ಜಂಗಲ್' ಎಂಬ ಅಲ್ಪವೆಚ್ಚದ ವಿಜ್ಞಾನಕಲ್ಪನಾ ಚಿತ್ರವನ್ನು ಹೊರತಂದಿತು. ನಿರ್ದೇಶಕರು ವಿಲಿಯಂ ಬರ್ಕ್. ಆನೆಗಳು ಹಳ್ಳಿಗಳ ಮೇಲೆ ನುಗ್ಗುತ್ತವೆ. ಅವನ್ನು ಬೆದರಿಸಿದವು ಎಂದೋ ಅಳಿದವೆಂದು ನಂಬಲಾದ ಮ್ಯಾಮತ್‌ಗಳು. ನಿಜದ ಆನೆಗಳಿಗೆ ಕೂದಲ ಹೊದಿಕೆ ತೊಡಿಸಿ ಮ್ಯಾಮತ್‌ಗಳನ್ನಾಗಿಸಲಾಗಿದೆ.

ನೋಡುಗರ ತೀರ್ಪು ಸಾಮಾನ್ಯವಾಗಿ ಆ ಹೊದಿಕೆಯ ಬಳಿಯೇ ನಿಂತುಬಿಡುತ್ತದೆ. ನಗು ಸಹಜವೇ, ಆದರೆ ಅದು ವಿಮರ್ಶೆಯಲ್ಲ. ತೆರುಕೂತ್ತಿನಲ್ಲಿ ಮರದ ಕಿರೀಟ ಧರಿಸಿದವನನ್ನು ದುರ್ಯೋಧನನೆಂದೇ ಒಪ್ಪುವ ಈ ಸೀಮೆಯ ಪ್ರೇಕ್ಷಕನಿಗೆ ವೇಷದ ಬಡತನ ದೊಡ್ಡ ದೋಷವಲ್ಲ. ನಿಜವಾದ ದೋಷ ದೃಷ್ಟಿಯಲ್ಲಿದೆ. ಆನೆ ಕಾಡನ್ನು ಬಿಟ್ಟು ಬರುವುದೇಕೆ ಎಂಬ ಒಳ್ಳೆಯ ಪ್ರಶ್ನೆಯನ್ನೆತ್ತಿದ ಚಿತ್ರ, ಉತ್ತರವನ್ನು ಹೊರನಾಡಿನ ಬೇಟೆಗಾರನ ಕೈಗಿತ್ತಿತು. ಕಥೆಯ ಕಣ್ಣು ಅವನದು, ಬೆಳೆ ಕಳೆದುಕೊಂಡವನದಲ್ಲ.

ಪೆನ್ನಾಗರ, ಹೊಗೇನಕಲ್ಲಿನ ಕಾಡಂಚಿನಲ್ಲಿ ರಾಗಿ ಬೆಳೆಯುವವರಿಗೆ ಈ ಪ್ರಶ್ನೆ ಇಂದಿಗೂ ಕಲ್ಪನೆಯಲ್ಲ. ಮ್ಯಾಮತ್ ಸುಳ್ಳಾಗಿರಬಹುದು, ಪ್ರಶ್ನೆ ದಿಟ. ಅದನ್ನು ಬೇಟೆಗಾರನ ಬಂದೂಕಿನ ಹಿಂದಿನಿಂದಲ್ಲ, ಹೊಲದ ಅಟ್ಟಣೆಯ ಮೇಲಿನಿಂದ ನೋಡುವ ಕನ್ನಡ ವಿಜ್ಞಾನಕಥೆಯೊಂದು ಈ ನೆಲದಿಂದಲೇ ಹುಟ್ಟಬೇಕು.