ಮೇಷ್ಟ್ರ ಎಡಗೈ

ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಈಚೆಗೆ ‘ಕುರುಕ್ಷೇತ್ರ’ ನಾಟಕ ನೋಡಿದೆ. ರಾತ್ರಿ ಹತ್ತಕ್ಕೆ ಶುರುವಾದದ್ದು ಕೋಳಿ ಕೂಗಿದರೂ ಮುಗಿದಿರಲಿಲ್ಲ. ದುರ್ಯೋಧನನ ಪಾರ್ಟಿಗೆ ದುಡ್ಡು ಕಟ್ಟಿದವರು ಊರಿನ ಗ್ಯಾರೇಜಿನ ಮಾಲೀಕರು. ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೀಬೋರ್ಡು, ಅದರಾಚೆ ರಿದಂ ಪ್ಯಾಡು. ಕೀಬೋರ್ಡಿನ ಹುಡುಗ ನಡುನಡುವೆ ಸಿನಿಮಾ ಮಟ್ಟು ನುಗ್ಗಿಸುತ್ತಿದ್ದ, ಮೇಷ್ಟ್ರು ತಡೆಯಲಿಲ್ಲ. ಅವರದು ಲೆಗ್ ಹಾರ್ಮೋನಿಯಂ, ಗಾಳಿ ಹಾಕುವ ಕೆಲಸ ಕಾಲಿನದು, ಹಾಗಾಗಿ ಎಡಗೈಗೆ ಬಿಡುವು. ದುರ್ಯೋಧನ ಬಾಯಿ ತೆರೆದನೋ, ಆ ಎಡಗೈ ಮೇಲೇಳುತ್ತಿತ್ತು. ಅಷ್ಟೂ ವಾದ್ಯಗಳು ತಗ್ಗುತ್ತಿದ್ದವು. ಹಿಂದೆ ಚಾಪೆ ಹಾಸಿ ಕೂತ ಅಜ್ಜಿಗೂ ಪದ ಕೇಳಬೇಕು, ಅಷ್ಟೇ ಲೆಕ್ಕ.

ಫ್ಯೂಷನ್ ಎಂಬ ಹೆಸರಿನಲ್ಲಿ ಏನೇ ಬಂದರೂ ನಾನು ಮೊದಲು ಹುಡುಕುವುದು ಈ ಎಡಗೈಯನ್ನು. ಬೆರೆಸಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಮಾಡಿದರೆ ಗುಬ್ಬಿಯವರು ನಗುತ್ತಾರೆ. ಅಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಯಾವ ಮಟ್ಟನ್ನು ಬಿಟ್ಟಿತ್ತು? ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಪಾರ್ಸಿ ನಾಟಕದ ಧಾಟಿ ಎಲ್ಲವೂ ಕಂಪನಿ ನಾಟಕದ ಒಂದೇ ಪರದೆಯ ಹಿಂದೆ ಸೇರುತ್ತಿದ್ದವು. ಜನ ‘ವನ್ಸ್ ಮೋರ್’ ಅಂದರೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಹಾಡಿ, ಮತ್ತೆ ಸಾಯುತ್ತಿದ್ದ ಕಾಲ. ಇದೇ ಗುಬ್ಬಿ ವೀರಣ್ಣನವರ ಕಂಪನಿಗೆ ಹುಡುಗನಾಗಿ ಓಡಿಬಂದ ಬಿ.ವಿ. ಕಾರಂತರು ಮುಂದೆ ಕಾಶಿಗೆ ಹೋಗಿ ಓಂಕಾರನಾಥ ಠಾಕೂರರ ಬಳಿ ಕಲಿತರು. ಬಳಿಕ ರಂಗಕ್ಕೆ ಮರಳಿ ಗದ್ದಲವನ್ನೂ ಸಂಗೀತ ಮಾಡಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಂತೂ ರಂಗಗೀತೆಯ ಅದೇ ಗಂಟಲಿನಲ್ಲಿ ‘ನನ್ನ ಪ್ರೀತಿಯ ಹುಡುಗಿ’ಯ ಕಾರಿನ ಹಾಡು ಹಾಡಿ ಕಾಲೇಜು ಹುಡುಗರನ್ನು ಕುಣಿಸಿದರು.

ಹಾಗಾಗಿ ರಘು ದೀಕ್ಷಿತ್ ಗಿಟಾರು ಹಿಡಿದು ಶಿಶುನಾಳ ಶರೀಫರ ತತ್ವಪದ ಹಾಡಿದಾಗ ಬೇರೆ ಊರುಗಳಲ್ಲಿ ಹುಬ್ಬೇರಿರಬಹುದು, ನಮ್ಮ ಸೀಮೆಯಲ್ಲಿ ಏರಬೇಕಾದ್ದಿರಲಿಲ್ಲ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದ ಮನುಷ್ಯ. ಮೊದಲು ‘ಅಂತರಾಗ್ನಿ’ ಅಂತ ತಂಡ ಕಟ್ಟಿದರು, ಆಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಕೇಳಿ ಮೆಚ್ಚಿ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿಯ ಬಯಲು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಗಿಟಾರಿನ ತಂಡಗಳನ್ನು ಲೋಕಕ್ಕೆಲ್ಲ ಕಳಿಸಿದ ಇಂಗ್ಲೆಂಡಿಗೆ ಶಿಶುನಾಳದ ಪದ ಹೊರಟದ್ದು ಹೀಗೆ.

ಆದರೆ ಇಂಗ್ಲೆಂಡಿನ ಚಪ್ಪಾಳೆ ನನಗೆ ಸಾಕ್ಷಿಯಲ್ಲ. ಅವರಿಗೆ ಶರೀಫರ ಪದದ ‘ಗುಡುಗುಡಿ’ ಒಂದು ಸದ್ದು. ನಮಗದು ಹುಕ್ಕ, ಹುಕ್ಕದೊಳಗೆ ದೇಹ, ದೇಹದೊಳಗೆ ಇನ್ನೇನೋ. ಸಿ. ಅಶ್ವಥ್ ಆ ಪದಗಳನ್ನು ಎದೆ ತಟ್ಟಿ ಹಾಡಿ ಮನೆಮನೆಗೆ ಮುಟ್ಟಿಸಿದ್ದರು, ಶರೀಫರ ಕುರಿತ ನಾಗಾಭರಣರ 1990ರ ಸಿನಿಮಾದಿಂದಲೂ ಅವು ನಮ್ಮ ಕಿವಿಯಲ್ಲಿ ಕೂತಿದ್ದವು. ಅದರ ಮೇಲೆ ಇನ್ನೊಬ್ಬ ಹಾಡುವುದು ಸಸಾರವಲ್ಲ.

ಪರೀಕ್ಷೆಗೆ ಗುಬ್ಬಿಯ ಸೋದರಮಾವನನ್ನೇ ಹಿಡಿದೆ. ಎಂಬತ್ತು ದಾಟಿದ ಕಂಪನಿ ನಾಟಕದ ಕಿವಿ, ಎಡಗಿವಿ ಸ್ವಲ್ಪ ಮಂದ. ತುಮಕೂರಿಗೆ ಆಸ್ಪತ್ರೆಗೆಂದು ಕರೆತರುವಾಗ ಕಾರಿನಲ್ಲಿ ರಘು ದೀಕ್ಷಿತ್ ಹಾಡಿದ ಶರೀಫರ ಪದ ಹಾಕಿದೆ. ಗಿಟಾರಿಗೆ ಮುಖ ಕಿವುಚಿಕೊಂಡು ಕಿಟಕಿಯಾಚೆ ತೆಂಗಿನ ತೋಟ ನೋಡುತ್ತಿದ್ದವನು, ಪಲ್ಲವಿ ಎರಡನೇ ಸಲ ಬರುವ ಹೊತ್ತಿಗೆ ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ.

‘ಯಾರ್ಲಾ ಇವ್ನು?’

‘ಮೈಸೂರಿನವ್ರು ಮಾವ.’

‘ಪದ ಬುಡಿಸ್ಕೊಂಡ್ ಹೇಳ್ತಾನೆ ಕಣ್ಲಾ. ಎಲ್ಲಾ ಕೇಳ್ತೈತೆ.’

ಮಂದ ಕಿವಿ ಕೊಟ್ಟ ಈ ಸರ್ಟಿಫಿಕೇಟಿನ ಮುಂದೆ ಸಾಂಗ್‌ಲೈನ್ಸ್ ನಿಲ್ಲದು. ಗಿಟಾರು, ಪಿಟೀಲು, ಡ್ರಮ್ಸು ಎಲ್ಲ ಇದ್ದೂ ಶರೀಫರ ಮಾತು ಮುಳುಗಿರಲಿಲ್ಲ. ರಘು ಅವರ 2013ರ ಆಲ್ಬಮ್ ‘ಜಗ್ ಚಂಗಾ’ ಬಗ್ಗೆ ಇದೇ ಮಾತನ್ನು ಅಷ್ಟು ಧೈರ್ಯವಾಗಿ ಹೇಳಲಾರೆ. ಅಲ್ಲಿ ನೆಂಟರು ಹೆಚ್ಚಾಗಿ ಊಟದೆಲೆ ಇಕ್ಕಟ್ಟಾದಂತೆ ನನಗೆ ಕೇಳಿಸುತ್ತದೆ. ಅದು ನನ್ನ ಕಿವಿ, ನಿಮ್ಮದು ಬೇರೆ ಇರಬಹುದು.

ಬಿ.ಎಚ್. ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿಕೊಂಡಾಗ ಮಾವ ಮತ್ತೆ ಹಾಕು ಅಂದ. ಹಾಕಿದೆ. ಈ ಸಲ ಪಿಟೀಲು ಬಂದಲ್ಲಿ ಎಡಗೈ ಎತ್ತಿದ.

‘ಚೆಂದಾಗ್ ಬಾರುಸ್ತಾನೆ. ಆದ್ರೂ ನಮ್ ಮೇಷ್ಟ್ರಿದ್ದಿದ್ರೆ ಇವನ್ಗೆ ಒಂದ್ ಬುಟ್ಟಿರೋರು.’