ಹನ್ನೆರಡು ಸ್ಟೋನ್ ಹೊತ್ತ ರೆಡ್ ರಮ್

ರೆಡ್ ರಮ್ ಹೆಸರೆತ್ತಿದರೆ ರೇಸು ಬಲ್ಲವರ ಬಾಯಲ್ಲಿ ಎರಡು ವರ್ಷಗಳು ಬರುತ್ತವೆ. ಒಂದು 1973, ಕ್ರಿಸ್ಪ್ ಎಂಬ ದೈತ್ಯನನ್ನು ಕೊನೆಯ ಕೆಲವೇ ಹೆಜ್ಜೆಗಳಲ್ಲಿ ಹಿಂದಿಕ್ಕಿದ ವರ್ಷ. ಇನ್ನೊಂದು 1977, ಮೂರನೆಯ ಸಲ ಗ್ರ್ಯಾಂಡ್ ನ್ಯಾಷನಲ್ ಗೆದ್ದ ವರ್ಷ. ನಡುವೆ ಬಂದ 1974ರ ಮಾತಾಡುವವರು ಕಡಿಮೆ. ನನಗೆ ಮಾತ್ರ ಆ ಕುದುರೆಯ ನಿಜವಾದ ಎತ್ತರ ಕಾಣುವುದು ಅಲ್ಲೇ.

ನಮ್ಮ ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಟವೆಂದರೆ ಸಮತಟ್ಟಾದ ಹಾದಿ, ಒಂದೆರಡು ನಿಮಿಷಗಳ ಬಿರುಸು. ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಬೇರೆಯದೇ ಜಾತಿಯ ಪರೀಕ್ಷೆ. ಆಗ ಅದು ಸುಮಾರು ನಾಲ್ಕೂವರೆ ಮೈಲಿಯ ಓಟ. ಎರಡು ಸುತ್ತು, ಮೂವತ್ತು ಬೇಲಿ. ಬೀಚರ್ಸ್ ಬ್ರುಕ್ ಎಂಬಲ್ಲಿ ಕುದುರೆ ಹಾರುವ ನೆಲಕ್ಕಿಂತ ಇಳಿಯುವ ನೆಲ ತಗ್ಗಿನಲ್ಲಿದೆ; ಕಾಲಡಿಯ ಭೂಮಿ ಇದ್ದಲ್ಲಿ ಇಲ್ಲ ಎಂದು ಕುದುರೆಗೆ ಗೊತ್ತಾಗುವುದು ಗಾಳಿಯಲ್ಲಿದ್ದಾಗ. ಕೆನಾಲ್ ಟರ್ನ್‌ನಲ್ಲಿ ಹಾರಿ ಇಳಿದ ಕೂಡಲೇ ಎಡಕ್ಕೆ ನೇರ ತಿರುಗಬೇಕು. ಕೊನೆಯ ಬೇಲಿ ದಾಟಿದ ಮೇಲೂ ಗೆಲುವಿನ ಕಂಬಕ್ಕೆ 494 ಗಜ ಉಳಿದಿರುತ್ತದೆ. ಎಷ್ಟೋ ಗೆಲುವುಗಳು ಆ ಗಜಗಳಲ್ಲೇ ಕರಗಿಹೋಗಿವೆ.

ಇಂಥ ಓಟಕ್ಕಾಗಿ ಹುಟ್ಟಿದ ಕುದುರೆಯಲ್ಲ ರೆಡ್ ರಮ್. 1965ರಲ್ಲಿ ಐರ್ಲೆಂಡಿನ ಕಿಲ್‌ಕೆನಿ ಸೀಮೆಯಲ್ಲಿ ಹುಟ್ಟಿದ್ದು. ತಾಯಿ ಮೇರೆಡ್, ತಂದೆ ಕ್ವೋರಮ್. ಇಬ್ಬರ ಹೆಸರಿನ ಬಾಲಗಳನ್ನು ಜೋಡಿಸಿ ಮರಿಗೆ ಹೆಸರಿಟ್ಟರು. ರಕ್ತದಲ್ಲಿದ್ದದ್ದು ಗಿಡ್ಡ ಓಟದ ವೇಗ. 1967ರ ಏಪ್ರಿಲ್‌ನಲ್ಲಿ, ಎರಡು ವರ್ಷದ ಮರಿಯಾಗಿ ಓಡಿದ ಮೊದಲ ಓಟ ಬರೀ ಐದು ಫರ್ಲಾಂಗಿನದು. ಗೆದ್ದ ಕುದುರೆಯನ್ನು ಅಲ್ಲೇ ಹರಾಜಿಗಿಡುವ ಕೆಳದರ್ಜೆಯ ಓಟ. ಅದರಲ್ಲಿ ಇನ್ನೊಂದು ಕುದುರೆಯ ಜೊತೆ ಸಮಸಮ ಬಂದು ಗೆಲುವನ್ನು ಹಂಚಿಕೊಂಡಿತು. ಆ ಓಟ ನಡೆದದ್ದು ಏಂಟ್ರಿಯಲ್ಲೇ, ಗ್ರ್ಯಾಂಡ್ ನ್ಯಾಷನಲ್‌ನ ಹಿಂದಿನ ದಿನ. ಮರುವರ್ಷ ಅಲ್ಲೇ ಅದರ ಬೆನ್ನ ಮೇಲೆ ಮಹಾನ್ ಜಾಕಿ ಲೆಸ್ಟರ್ ಪಿಗಟ್ ಕೂತಿದ್ದರು. ಆ ದಿನ ಎರಡನೇ ಸ್ಥಾನ.

ಆಮೇಲೆ ಕೈಯಿಂದ ಕೈಗೆ ದಾಟಿತು. ಟ್ರೇನರುಗಳು ಬದಲಾದರು, ಜಾಕಿಗಳು ಬದಲಾದರು. ಕಾಲಿಗೆ ಕಾಯಿಲೆಯೂ ಅಂಟಿತು. ಗೊರಸಿನೊಳಗೆ ಒಂದು ಮೂಳೆಯಿದೆ, ಕುದುರೆಯ ಮೈಭಾರವೆಲ್ಲ ಕೊನೆಗೆ ಕೂರುವುದು ಅದರ ಮೇಲೆ. ಅದಕ್ಕೇ ಉರಿಯೂತ. ರೇಸಿನ ಕುದುರೆಗೆ ಇದು ಬಂದರೆ ಹೆಚ್ಚಿನವರು ಆಸೆ ಬಿಡುತ್ತಾರೆ.

1972ರಲ್ಲಿ ಡಾಂಕಾಸ್ಟರ್ ಹರಾಜಿನಲ್ಲಿ ಆರು ಸಾವಿರ ಗಿನಿಗೆ ಇದನ್ನು ಕೊಂಡವರು ಜಿಂಜರ್ ಮೆಕೇನ್. ಸೌತ್‌ಪೋರ್ಟ್ ಎಂಬ ಕಡಲೂರಿನಲ್ಲಿ ಹಳೇ ಕಾರು ಮಾರುವ, ಟ್ಯಾಕ್ಸಿ ಓಡಿಸುವ ಮನುಷ್ಯ. ಕಾರಿನ ಶೋರೂಮಿನ ಹಿಂದೆಯೇ ಕುದುರೆ ಲಾಯ. ಶನಿವಾರ ರಾತ್ರಿಗಳಲ್ಲಿ ಅವರ ಟ್ಯಾಕ್ಸಿ ಹತ್ತುತ್ತಿದ್ದ ನೋಯೆಲ್ ಲ ಮೇರ್ ಎಂಬ ಎಂಬತ್ತು ದಾಟಿದ ಎಂಜಿನಿಯರಿಗಾಗಿ ಈ ಕುದುರೆ. ಸುಂದರಿಯೊಬ್ಬಳನ್ನು ಮದುವೆಯಾಗಬೇಕು, ಲಕ್ಷಾಧಿಪತಿಯಾಗಬೇಕು, ಗ್ರ್ಯಾಂಡ್ ನ್ಯಾಷನಲ್ ಗೆಲ್ಲಬೇಕು ಎಂಬ ಮೂರು ಆಸೆಗಳನ್ನು ಹುಡುಗನಾಗಿದ್ದಾಗಲೇ ಕಟ್ಟಿಕೊಂಡಿದ್ದ ಮುದುಕರಿಗೆ ಮೂರನೆಯದೊಂದು ಬಾಕಿ ಇತ್ತು.

ಕೊಂಡ ಕುದುರೆಯನ್ನು ಮೊದಲ ಸಲ ಓಡಿಸಲು ಹೊರಟಾಗಲೇ ಅದು ಕುಂಟುತ್ತಿರುವುದು ಮೆಕೇನ್ ಕಣ್ಣಿಗೆ ಬಿತ್ತು. ಅವರು ಅದನ್ನು ಕಡಲಿಗಿಳಿಸಿದರು. ತಣ್ಣನೆಯ ಉಪ್ಪುನೀರಿನಲ್ಲಿ ಓಡಾಡಿ ಹೊರಬಂದಾಗ ಕುಂಟು ನಿಂತಿತ್ತು. ಅಲ್ಲಿಂದ ಮುಂದೆ ಸೌತ್‌ಪೋರ್ಟಿನ ಮರಳ ದಂಡೆಯೇ ರೆಡ್ ರಮ್‌ನ ಅಭ್ಯಾಸದ ಅಂಗಳ. ಸಿರಿವಂತ ಟ್ರೇನರುಗಳ ಬಳಿ ಎಕರೆಗಟ್ಟಲೆ ಹುಲ್ಲುಗಾವಲಿತ್ತು. ಮೆಕೇನ್ ಬಳಿ ಕಡಲು ದಿನವೂ ಬಂದು ತೋಯಿಸಿ ಹೋಗುವ ಮರಳಿತ್ತು. ನೋಯುವ ಗೊರಸಿಗೆ ಅದಕ್ಕಿಂತ ಒಳ್ಳೆಯ ನೆಲ ಇಂಗ್ಲೆಂಡಿನಲ್ಲಿ ಎಲ್ಲೂ ಇರಲಿಲ್ಲವೆಂದೇ ನಾನು ನಂಬುತ್ತೇನೆ.

1973ರ ಓಟದ ಚಿತ್ರವನ್ನು ಎಷ್ಟು ಸಲ ನೋಡಿದರೂ ಎದೆ ಹಿಂಡುತ್ತದೆ. ಆಸ್ಟ್ರೇಲಿಯಾದ ಕ್ರಿಸ್ಪ್, ಬೆನ್ನ ಮೇಲೆ ರಿಚರ್ಡ್ ಪಿಟ್ಮನ್, ಉಳಿದವರನ್ನೆಲ್ಲ ಎಲ್ಲೋ ಬಿಟ್ಟು ಒಂಟಿಯಾಗಿ ಬೇಲಿಗಳ ಮೇಲೆ ತೇಲುತ್ತ ಹೋಗುತ್ತದೆ. ಹಿಂದಿನಿಂದ ಬ್ರಯನ್ ಫ್ಲೆಚರ್ ಸವಾರಿಯ ರೆಡ್ ರಮ್ ಒಂದೊಂದೇ ಹೆಜ್ಜೆ ಅಂತರ ಕಡಿಯುತ್ತ ಬರುತ್ತದೆ. ಕೊನೆಯ ಬೇಲಿಯಲ್ಲಿ ಸುಮಾರು ಹದಿನೈದು ಲೆಂಗ್ತ್, ಅಂದರೆ ಹದಿನೈದು ಕುದುರೆಯುದ್ದ, ಮುಂದಿದ್ದ ಕ್ರಿಸ್ಪ್ ಆ 494 ಗಜಗಳಲ್ಲಿ ಬಳಲಿ ಓಲಾಡುತ್ತದೆ. ಗೆಲುವಿನ ಕಂಬದಲ್ಲಿ ರೆಡ್ ರಮ್ ಮುಕ್ಕಾಲು ಲೆಂಗ್ತ್ ಮುಂದೆ. ಸಮಯ 9 ನಿಮಿಷ 1.9 ಸೆಕೆಂಡ್, ಗೋಲ್ಡನ್ ಮಿಲ್ಲರ್ 1934ರಲ್ಲಿ ಬರೆದಿದ್ದ ದಾಖಲೆ ಹದಿನೆಂಟು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಮುರಿಯಿತು.

ಆದರೂ ಜನರ ಕಣ್ಣೀರು ಸೋತ ಕುದುರೆಯ ಪಾಲಾಯಿತು. ಅದಕ್ಕೆ ಕಾರಣವಿತ್ತು. ಇದು ಹ್ಯಾಂಡಿಕ್ಯಾಪ್ ಓಟ, ಬಲಿಷ್ಠ ಕುದುರೆ ಹೆಚ್ಚು ಭಾರ ಹೊರಬೇಕು. ಕ್ರಿಸ್ಪ್ ಹೊತ್ತದ್ದು 12 ಸ್ಟೋನ್, ಅಂದರೆ 76 ಕಿಲೋ. ರೆಡ್ ರಮ್ ಹೊತ್ತದ್ದು 10 ಸ್ಟೋನ್ 5 ಪೌಂಡ್. ನಡುವಿನ ವ್ಯತ್ಯಾಸ 23 ಪೌಂಡ್, ಹತ್ತು ಕಿಲೋ ಮೀರಿದ್ದು. ಕುದುರೆಯಲ್ಲ, ತೂಕ ಗೆದ್ದಿತು ಎಂಬ ಮಾತು ಉಳಿದುಕೊಂಡಿತು.

ಮರುವರ್ಷ ಆ 12 ಸ್ಟೋನ್ ರೆಡ್ ರಮ್ ಬೆನ್ನಿಗೇ ಬಂತು. ಎದುರಿಗಿದ್ದವರಲ್ಲಿ ಲೆಸ್ಕಾರ್ಗೋ ಇತ್ತು. 1970 ಮತ್ತು 1971ರಲ್ಲಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದ ಕುದುರೆ, ಯಾವ ಲೆಕ್ಕದಲ್ಲೂ ದೊಡ್ಡದು. ಅದಕ್ಕಿಂತಲೂ ಹೆಚ್ಚು ಭಾರ ಹೊತ್ತು ರೆಡ್ ರಮ್ ಅದನ್ನು ಏಳು ಲೆಂಗ್ತ್‌ಗಳಿಂದ ಸೋಲಿಸಿತು. ಅಳಲು ಯಾರೂ ಇರಲಿಲ್ಲ, ಬೆನ್ನಟ್ಟುವ ನಾಟಕವೂ ಇರಲಿಲ್ಲ. ಅದಕ್ಕೇ ಇರಬೇಕು, ನೆನಪಿನಲ್ಲಿ ಈ ಓಟ ಹಿಂದೆ ಸರಿದಿದೆ. ಅಷ್ಟು ಸಾಲದೆಂಬಂತೆ, ಕೆಲವೇ ವಾರಗಳಲ್ಲಿ ಸ್ಕಾಟಿಷ್ ಗ್ರ್ಯಾಂಡ್ ನ್ಯಾಷನಲ್‌ಗೂ ಹೋಗಿ ಗೆದ್ದು ಬಂತು. ಅಂದಿನಿಂದ ಇಂದಿನವರೆಗೆ 12 ಸ್ಟೋನ್ ಹೊತ್ತು ಏಂಟ್ರಿಯಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಇನ್ನೊಂದು ಕುದುರೆಯಿಲ್ಲ.

1975ರಲ್ಲಿ ಲೆಸ್ಕಾರ್ಗೋ ಸೇಡು ತೀರಿಸಿಕೊಂಡಿತು, ಆಗಲೂ ರೆಡ್ ರಮ್ ಮೇಲೆ ಅದೇ ಭಾರ. 1976ರಲ್ಲಿ ರ್ಯಾಗ್ ಟ್ರೇಡ್ ಎರಡು ಲೆಂಗ್ತ್‌ಗಳಿಂದ ಮುಂದಾಯಿತು. ಅಷ್ಟರಲ್ಲಿ ಫ್ಲೆಚರ್ ಮತ್ತು ಮೆಕೇನ್ ಬೇರೆಯಾಗಿದ್ದರು. ಈಗ ಬೆನ್ನ ಮೇಲೆ ಟಾಮಿ ಸ್ಟ್ಯಾಕ್, ಹಿಂದೆ ಇದೇ ಕುದುರೆಯ ಸವಾರರಾಗಿ, ಸ್ವಲ್ಪ ಕಾಲ ಟ್ರೇನರೂ ಆಗಿದ್ದವರು. ಈ ಎರಡು ಸೋಲುಗಳನ್ನು ಗೆಲುವುಗಳ ನಡುವಿನ ಖಾಲಿ ಜಾಗವೆಂದು ಎಣಿಸುವವರ ಜೊತೆ ನನ್ನ ಜಗಳವಿದೆ. ಐದು ವರ್ಷ, ಐದು ಓಟ, ನೂರೈವತ್ತು ಬೇಲಿ, ಒಂದರಲ್ಲೂ ಬೀಳಲಿಲ್ಲ. ಚಿತ್ರಗಳಲ್ಲಿ ಅದರ ಮುಂಗಾಲು ಮತ್ತು ಕಿವಿಗಳನ್ನೇ ನೋಡಿ. ಮುಂದೆ ಯಾವ ಕುದುರೆ ಬಿದ್ದಿದೆ, ಸವಾರನಿಲ್ಲದ ಕುದುರೆ ಎತ್ತ ಅಡ್ಡ ಬರುತ್ತಿದೆ ಎಂಬುದನ್ನು ಜಾಕಿಗಿಂತ ಮೊದಲೇ ಕಂಡಂತೆ ಹೆಜ್ಜೆ ತಿದ್ದಿಕೊಳ್ಳುತ್ತದೆ. ಇಳಿಯುವ ಜಾಗವನ್ನು ಹಾರುವ ಮುಂಚೆಯೇ ಆರಿಸಿಕೊಳ್ಳುತ್ತದೆ. ಬೆಸ್ತರು ನೀರು ನೋಡುವ ಹಾಗೆ ಅದು ನೆಲ ನೋಡುತ್ತಿತ್ತು. ಕಾಲಿನ ನೋವು ಕಲಿಸಿದ್ದೋ, ಹುಟ್ಟಿನಿಂದ ಬಂದದ್ದೋ, ಈ ಎಚ್ಚರವೇ ರೆಡ್ ರಮ್.

1977ರಲ್ಲಿ ಅದಕ್ಕೆ ಹನ್ನೆರಡು ವಯಸ್ಸು. ಮುಂದಿದ್ದ ಆ್ಯಂಡಿ ಪ್ಯಾಂಡಿ ಎರಡನೇ ಸುತ್ತಿನ ಬೀಚರ್ಸ್‌ನಲ್ಲಿ ಬಿತ್ತು. ರೆಡ್ ರಮ್ ಮುಂದಾಯಿತು, ಮತ್ತೆ ಯಾರ ಕೈಗೂ ಸಿಗಲಿಲ್ಲ. ಇಪ್ಪತ್ತೈದು ಲೆಂಗ್ತ್. ವೀಕ್ಷಕ ವಿವರಣೆಯ ಪೀಟರ್ ಒ'ಸಲಿವನ್ ದನಿ, ಸದಾ ಹದ ತಪ್ಪದ ದನಿ, ಆ ದಿನ ಉಬ್ಬಿ ಬಂತು. ಅದೇ ವರ್ಷದ ಕೊನೆಗೆ ಬಿಬಿಸಿಯ ಕ್ರೀಡಾ ಪ್ರಶಸ್ತಿ ಸಮಾರಂಭಕ್ಕೆ ಕುದುರೆಯನ್ನೇ ಸ್ಟುಡಿಯೋಗೆ ಕರೆತಂದರು. ಸ್ಟ್ಯಾಕ್ ಬೇರೆ ಕಡೆಯಿಂದ ಪರದೆಯ ಮೇಲೆ ಮಾತಾಡಿದಾಗ ರೆಡ್ ರಮ್ ಕಿವಿ ನಿಮಿರಿಸಿತು, ದನಿಯ ಗುರುತು ಸಿಕ್ಕಿತ್ತು.

1978ರ ಓಟದ ಹಿಂದಿನ ದಿನ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಕಂಡು ಅದನ್ನು ನಿವೃತ್ತಿಗೊಳಿಸಿದರು. ಬೀಜ ಒಡೆಸಿದ ಕುದುರೆಯಾದ್ದರಿಂದ ಮರಿಗಳಿರಲಿಲ್ಲ. ಆದರೆ ಅದು ಉಳಿಸಿಕೊಟ್ಟದ್ದು ಸಣ್ಣದಲ್ಲ. ಎಪ್ಪತ್ತರ ದಶಕದಲ್ಲಿ ಏಂಟ್ರಿ ಕಟ್ಟಡ ಕಟ್ಟುವವರ ಕೈಸೇರಿತ್ತು. 1975ರಲ್ಲಿ ಟಿಕೆಟ್ ದರ ಏರಿಸಿ ಜನ ಬಾರದಂತಾಗಿತ್ತು. ಈ ಓಟವೇ ನಿಂತುಹೋಗುತ್ತದೆಂಬ ಭಯ ವರ್ಷವರ್ಷವೂ ಇತ್ತು. ಆ ಹೊತ್ತಿನಲ್ಲಿ ದೇಶದ ಮನೆಮನೆಯ ಕಣ್ಣನ್ನು ಏಂಟ್ರಿಯ ಮೇಲೆ ನೆಟ್ಟು ಹಿಡಿದದ್ದು ಈ ಕಂದು ಕುದುರೆ. 1983ರಲ್ಲಿ ಜನರಿಂದ ಹಣ ಕೂಡಿಸಿ ಜಾಕಿ ಕ್ಲಬ್ ಆ ಮೈದಾನವನ್ನು ಕೊಂಡಿತು.

ಮೆಕೇನ್ 2004ರಲ್ಲಿ ಆ್ಯಂಬರ್ಲಿ ಹೌಸ್ ಮೂಲಕ ನಾಲ್ಕನೆಯ ಸಲ ಗೆದ್ದರು. 2011ರ ಏಪ್ರಿಲ್‌ನಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮುಂಚೆ, ಬ್ಯಾಲಾಬ್ರಿಗ್ಸ್ ಗ್ರ್ಯಾಂಡ್ ನ್ಯಾಷನಲ್ ಗೆದ್ದಿತು. ಅದರ ಟ್ರೇನರ್ ಅವರ ಮಗ ಡೊನಾಲ್ಡ್, ರೆಡ್ ರಮ್ ಇದ್ದ ಲಾಯದಲ್ಲಿ ಆಡಿ ಬೆಳೆದ ಹುಡುಗ.