ಸೋಂಕಿತ ಯಂತ್ರದ ಮಾತು ನಂಬಬೇಡಿ

"ಫಾರ್ಮ್ಯಾಟ್ ಹೊಡೆಸಿಬಿಡಿ ಸಾರ್, ಬೇರೆ ದಾರಿ ಇಲ್ಲ" ಎಂಬ ಮಾತು ಮತ್ತೆ ಕಿವಿಗೆ ಬಿದ್ದಿದೆ. ಅದಕ್ಕೆ ಉತ್ತರ ಕೊಡದೆ ಬೇರೇನನ್ನೂ ಬರೆಯಲು ಮನಸ್ಸಾಗುತ್ತಿಲ್ಲ.

ಆ ಮಾತು ಕೇಳಿಸಿಕೊಂಡು ಬಂದವರು ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು. ಮನೆಯಲ್ಲಿರುವುದು ವಿಂಡೋಸ್ 7ರ ಹಳೇ ಡೆಸ್ಕ್‌ಟಾಪ್, ರ್ಯಾಮ್ 2 ಜಿಬಿ. ಬ್ರೌಸರ್ ತೆರೆದರೆ ಯಾವುದೋ ಗೊತ್ತಿಲ್ಲದ ಹುಡುಕುತಾಣ ಬಂದು ಕೂರುತ್ತದೆ. ಒಂದು ಪುಟ ತೆರೆದರೆ ಹಿಂದೆಯೇ ಎರಡು ಜಾಹೀರಾತು. ಆ್ಯಂಟಿವೈರಸ್ ಮಾತ್ರ ಎಲ್ಲ ಸರಿಯಾಗಿದೆ ಎಂದು ಹಸಿರು ಗುರುತು ತೋರಿಸುತ್ತಲೇ ಇದೆ. ಫಾರ್ಮ್ಯಾಟ್ ಮಾಡಿಸಲು ಅವರಿಗೇನೂ ಬೇಸರವಿರಲಿಲ್ಲ. ಅವರ ಚಿಂತೆಯೆಲ್ಲ ಒಂದೇ: ಊರೂರು ತಿರುಗಿ ಸಂಗ್ರಹಿಸಿದ ಜನಪದ ಗೀತೆಗಳು, ಅಚ್ಚಾಗದ ಲೇಖನಗಳು, ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದವು, ಎಲ್ಲವೂ 'ಮೈ ಡಾಕ್ಯುಮೆಂಟ್ಸ್' ಒಳಗೆ.

ವಿಂಡೋಸ್‌ನಲ್ಲಿ 'ಮೈ ಡಾಕ್ಯುಮೆಂಟ್ಸ್' ಇರುವುದು ಸಿ ಡ್ರೈವಿನಲ್ಲಿ, ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದೂ ಅಲ್ಲೇ. ಫಾರ್ಮ್ಯಾಟ್ ಆಗುವುದೂ ಅದೇ ಸಿ ಡ್ರೈವ್. "ಡಿ ಡ್ರೈವ್ ಮುಟ್ಟಲ್ಲ ಸಾರ್" ಎಂಬ ಭರವಸೆಯಿಂದ ಇಂಥವರಿಗೆ ಏನೂ ಉಳಿಯುವುದಿಲ್ಲ. ಒಂದು ವೇಳೆ ಕಡತಗಳನ್ನು ಉಳಿಸಿಕೊಂಡರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಯೂನಿಕೋಡ್ ಅಲ್ಲ. ಆ ಫಾಂಟು ಹೋದರೆ ತೆರೆಯ ಮೇಲೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಡತ ಇದ್ದೂ ಇಲ್ಲದಂತೆ. ಪೇಜ್‌ಮೇಕರ್ ಫೈಲುಗಳ ಪಾಡು ಇನ್ನೂ ಕಷ್ಟ, ಆ ಪುಟವಿನ್ಯಾಸದ ತಂತ್ರಾಂಶವನ್ನು ಮತ್ತೆ ಹಾಕಲು ಬೇಕಾದ ಸಿಡಿ ಯಾರ ಮನೆಯಲ್ಲಿ ಉಳಿದಿದೆ?

ಫಾರ್ಮ್ಯಾಟ್ ಪಂಥದ ವಾದ ಪೊಳ್ಳಲ್ಲ, ಅದನ್ನು ಗೌರವದಿಂದಲೇ ಎದುರಿಸಬೇಕು. ಮೈಕ್ರೋಸಾಫ್ಟ್‌ನಲ್ಲಿ ಭದ್ರತೆಯ ಕೆಲಸ ಮಾಡುತ್ತಿದ್ದ ಯೆಸ್ಪರ್ ಯೋಹಾನ್ಸನ್ 2004ರಲ್ಲಿ ಅದನ್ನು ಅತ್ಯಂತ ಸ್ಪಷ್ಟವಾಗಿ ಮಂಡಿಸಿದರು. ಒಮ್ಮೆ ಪರರ ವಶವಾದ ಯಂತ್ರವನ್ನು ಪ್ಯಾಚ್ ಹಾಕಿಯಾಗಲಿ, ಆ್ಯಂಟಿವೈರಸ್ ಓಡಿಸಿಯಾಗಲಿ ಶುದ್ಧ ಮಾಡಲಾಗದು, ಒರೆಸಿ ಹೊಸದಾಗಿ ಕಟ್ಟುವುದೊಂದೇ ಉಪಾಯ ಎಂಬುದು ಅವರ ನಿಲುವು. ಕಚೇರಿಯ ಸರ್ವರಿಗೆ ಇದು ಸರಿ. ಅಲ್ಲಿ ಬ್ಯಾಕಪ್ ಇರುತ್ತದೆ, ಮೂಲ ಸಿಡಿ ಇರುತ್ತದೆ, ಅದಕ್ಕೆಂದೇ ಒಬ್ಬ ನೌಕರ ಇರುತ್ತಾನೆ. ನಮ್ಮ ಅಧ್ಯಾಪಕರ ಮನೆಯಲ್ಲಿ ಈ ಮೂರೂ ಇಲ್ಲ. ಮೇಲಾಗಿ, ಬೀದಿಯ ಅಂಗಡಿಯಲ್ಲಿ ಒರೆಸಿದ ಮೇಲೆ ಹಾಕುವುದು ಎಷ್ಟೋ ಸಲ ಎಲ್ಲಿಂದಲೋ ಇಳಿಸಿದ ವಿಂಡೋಸ್, ಜೊತೆಗೆ ಪರವಾನಗಿಯ ಬೀಗ ಮುರಿಯುವ ಒಂದು ಕ್ರ್ಯಾಕ್. ಆ ಕ್ರ್ಯಾಕ್ ಓಡಬೇಕಾದರೆ ಆ್ಯಂಟಿವೈರಸ್ ಆಫ್ ಮಾಡಬೇಕು. ಕಳ್ಳ ಒಳಗೆ ಬರಲು ಅಷ್ಟು ಸಾಕು. ಅವನು ಮೊದಲ ಸಲ ಹೇಗೆ ಬಂದ ಎಂದು ಯಾರೂ ಕೇಳಿರುವುದಿಲ್ಲ, ಹಾಗಾಗಿ ಅದೇ ಪೆನ್‌ಡ್ರೈವಿನಲ್ಲಿ, ಅದೇ ಜೆರಾಕ್ಸ್ ಅಂಗಡಿಯಿಂದ ಅವನು ಮತ್ತೆ ಬರುತ್ತಾನೆ.

ಆದರೆ ಯೋಹಾನ್ಸನ್ನರ ಒಂದು ಮಾತು ನನಗೆ ಪೂರ್ತಿ ಒಪ್ಪಿಗೆ. ಸೋಂಕು ತಗುಲಿದ ಯಂತ್ರವನ್ನೇ "ನಿನಗೆ ಸೋಂಕಿದೆಯೇ" ಎಂದು ಕೇಳುವುದು ಆರೋಪಿಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದಂತೆ. ಹಸಿರು ಗುರುತು ಏನೂ ಹೇಳುವುದಿಲ್ಲ.

ಈ ವಿಷಯಕ್ಕೆ ಮೂಲಗ್ರಂಥವೆಂದು ನಾನು ಎಣಿಸುವುದು ಮೂರೇ ಪುಟಗಳ ಒಂದು ಭಾಷಣವನ್ನು. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣ ಅದು, 1984ರಲ್ಲಿ ಅಚ್ಚಾಯಿತು. ಪ್ರಶಸ್ತಿಯ ಸಭೆಯಲ್ಲಿ ತನ್ನ ಸಾಧನೆ ಹೇಳಿಕೊಳ್ಳುವ ಬದಲು ಆತ ಒಂದು ಕಳ್ಳತನದ ವಿಧಾನವನ್ನು ಹಂತಹಂತವಾಗಿ ಬಿಡಿಸಿಟ್ಟರು. ಲಾಗಿನ್ ಪ್ರೋಗ್ರಾಮಿನಲ್ಲಿ ಕಳ್ಳಬಾಗಿಲು ಇಡಬೇಕು ಅನ್ನಿ. ಅದರ ಮೂಲಪಾಠದಲ್ಲೇ ಬರೆದರೆ ಓದಿದವರಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಆ ಪಾಠವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೆ ಕಲಿಸಿಕೊಡಿ: ಲಾಗಿನ್ ಬಂದಾಗ ಕಳ್ಳಬಾಗಿಲು ಸೇರಿಸು. ಆಗ ಕಂಪೈಲರಿನ ಮೂಲಪಾಠ ಓದಿದವರಿಗೆ ಸಿಕ್ಕಿಬೀಳುತ್ತದೆ. ಅದಕ್ಕೂ ಉಪಾಯವಿದೆ: ಕಂಪೈಲರ್ ತನ್ನನ್ನೇ ತಾನು ತಿರುಗಿಸುವಾಗ ಈ ಎರಡೂ ಕುತಂತ್ರಗಳನ್ನು ಹೊಸ ಪ್ರತಿಗೆ ಸೇರಿಸುವಂತೆ ಮಾಡಿ, ಒಮ್ಮೆ ತಿರುಗಿಸಿ, ಆಮೇಲೆ ಮೂಲಪಾಠದಿಂದ ಎಲ್ಲವನ್ನೂ ಅಳಿಸಿಬಿಡಿ. ಈಗ ಎಲ್ಲ ಪಾಠಗಳೂ ಶುದ್ಧ, ಯಾರು ಬೇಕಾದರೂ ಓದಬಹುದು. ಕಳ್ಳಬಾಗಿಲು ಮಾತ್ರ ಪ್ರತಿ ಹೊಸ ಕಂಪೈಲರಿಗೂ ಹಾದುಹೋಗುತ್ತಲೇ ಇರುತ್ತದೆ. ನಾವೇ ಬರೆಯದ ಪ್ರೋಗ್ರಾಮನ್ನು ಎಷ್ಟೇ ಓದಿ ಪರೀಕ್ಷಿಸಿದರೂ ಪೂರ್ತಿ ನಂಬಲಾಗದು ಎಂಬಲ್ಲಿಗೆ ಥಾಂಪ್ಸನ್ ಬಂದು ನಿಂತರು. ಕಂಪ್ಯೂಟರ್ ಶುಚಿಗೊಳಿಸುವ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಮೊದಲು ಇದನ್ನು ಓದಬೇಕೆಂದು ನನ್ನ ಆಸೆ.

ಇಪ್ಪತ್ತೊಂದು ವರ್ಷಗಳ ನಂತರ ಇದೇ ಪಾಠವನ್ನು ಮನೆಯ ಕಂಪ್ಯೂಟರಿಗೆ ತಂದವರು ಮಾರ್ಕ್ ರುಸಿನೋವಿಚ್. ವಿಂಡೋಸ್ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಸಿಸ್‌ಇಂಟರ್ನಲ್ಸ್ ಉಪಕರಣಗಳನ್ನು ಬ್ರೈಸ್ ಕಾಗ್ಸ್‌ವೆಲ್ ಜೊತೆ ಸೇರಿ ಮಾಡಿದವರು ಎಂದು ಅವರ ಹೆಸರು ಈ ಅಂಕಣದ ಓದುಗರಿಗೆ ಪರಿಚಿತ. ಯಂತ್ರದೊಳಗೆ ಅಡಗಿ ಕೂರುವ ತಂತ್ರಾಂಶಗಳನ್ನು, ಅಂದರೆ ರೂಟ್‌ಕಿಟ್‌ಗಳನ್ನು ಹಿಡಿಯಲು ಅವರು ಬರೆದ ರೂಟ್‌ಕಿಟ್ ರಿವೀಲರ್ ಮಾಡುತ್ತಿದ್ದ ಕೆಲಸ ಸರಳ. ಡಿಸ್ಕಿನಲ್ಲಿ ಏನೇನಿದೆ ಎಂದು ವಿಂಡೋಸನ್ನು ಕೇಳಿ ಒಂದು ಪಟ್ಟಿ ತಯಾರಿಸುವುದು, ವಿಂಡೋಸನ್ನು ಕೇಳದೆ ಡಿಸ್ಕನ್ನೇ ನೇರವಾಗಿ ಓದಿ ಇನ್ನೊಂದು ಪಟ್ಟಿ ತಯಾರಿಸುವುದು, ಎರಡನ್ನೂ ತಾಳೆ ನೋಡುವುದು. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಇದ್ದರೆ ಯಾರೋ ಮುಚ್ಚಿಡುತ್ತಿದ್ದಾರೆಂದು ಅರ್ಥ. 2005ರಲ್ಲಿ ಅದನ್ನು ತಮ್ಮದೇ ಯಂತ್ರದಲ್ಲಿ ಓಡಿಸಿದಾಗ ಪಟ್ಟಿಗಳು ತಾಳೆಯಾಗಲಿಲ್ಲ. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಅವರೇ ದುಡ್ಡು ಕೊಟ್ಟು ತಂದ ಸೋನಿ ಬಿಎಂಜಿಯ ಹಾಡಿನ ಸಿಡಿ. ನಕಲು ತಡೆಯಲೆಂದು ಆ ಸಿಡಿ ಒಂದು ತಂತ್ರಾಂಶವನ್ನು ಕಂಪ್ಯೂಟರಿಗೆ ಸೇರಿಸುತ್ತಿತ್ತು. ಎರಡು ಡಾಲರ್ ಚಿಹ್ನೆಗಳ ನಡುವೆ ಎಸ್-ವೈ-ಎಸ್ ಎಂದು ಹೆಸರು ಶುರುವಾಗುವ ಯಾವ ಕಡತವೂ ಕಾಣದಂತೆ ಅದು ಮಾಡಿಬಿಡುತ್ತಿತ್ತು. ಅಕ್ಟೋಬರ್ 31ರಂದು ರುಸಿನೋವಿಚ್ ಎಲ್ಲವನ್ನೂ ಬಯಲಿಗಿಟ್ಟರು. ಕೆಲವೇ ದಿನಗಳಲ್ಲಿ ಬೇರೆ ಕಳ್ಳರು ತಮ್ಮ ಕಡತಗಳಿಗೂ ಅದೇ ಹೆಸರಿಟ್ಟು ಆ ಮರೆಯಲ್ಲಿ ಅಡಗತೊಡಗಿದರು. ನವೆಂಬರಿನಲ್ಲಿ ಸೋನಿ ಸಿಡಿಗಳನ್ನು ಹಿಂದಕ್ಕೆ ಕರೆಯಿತು.

ನನ್ನ ದೃಷ್ಟಿಯಲ್ಲಿ ಈ ಕಥೆಯ ಮುಖ್ಯ ಭಾಗ ಆಮೇಲೆ ಬರುತ್ತದೆ, ಹೇಳುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ರುಸಿನೋವಿಚ್ ಆ ಡ್ರೈವರ್ ಕಡತಗಳನ್ನು ಅಳಿಸಿ ಯಂತ್ರವನ್ನು ಮರುಚಾಲೂ ಮಾಡಿದರು. ಸಿಡಿ ಡ್ರೈವೇ ಮಾಯ! ಆ ತಂತ್ರಾಂಶ ಸಿಡಿ ಡ್ರೈವಿಗೂ ವಿಂಡೋಸ್‌ಗೂ ನಡುವೆ ತನ್ನನ್ನು ಕೊಂಡಿಯಾಗಿ ಸೇರಿಸಿಕೊಂಡಿತ್ತು. ಕೊಂಡಿ ಕಿತ್ತರೆ ಸರಪಳಿಯೇ ತುಂಡು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಇಂಥ ಕೊಂಡಿಗಳ, ಅಂದರೆ ಫಿಲ್ಟರುಗಳ ಪಟ್ಟಿ ಹುಡುಕಿ, ಅಲ್ಲಿಂದಲೂ ಅದರ ಹೆಸರು ತೆಗೆದ ಮೇಲೆಯೇ ಡ್ರೈವ್ ಮರಳಿ ಬಂದದ್ದು. ಅಳಿಸುವುದು ಅರ್ಧ ಕೆಲಸ, ಅದು ಎಲ್ಲೆಲ್ಲಿ ತೂರಿಕೊಂಡಿತ್ತೋ ಅಲ್ಲೆಲ್ಲ ಮತ್ತೆ ಜೋಡಿಸುವುದು ಇನ್ನರ್ಧ. ಒಂದು ಗುಂಡಿ ಒತ್ತಿದರೆ ಸಾವಿರ ದೋಷ ಸರಿಪಡಿಸುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರುಗಳ ಮೇಲೆ ನನಗೆ ಇಷ್ಟು ವರ್ಷಗಳಿಂದ ಸಿಟ್ಟಿರುವುದು ಈ ಕಾರಣಕ್ಕೇ. ಯಾವ ಕೊಂಡಿ ಯಾವುದಕ್ಕೆ ಸೇರಿದೆ ಎಂದು ನೋಡದೆ ಅವು ಕತ್ತರಿಸುತ್ತವೆ.

ಹಾಗಾಗಿ ಹೊರಗಿನಿಂದಲೇ ನೋಡಲೆಂದು ಅಧ್ಯಾಪಕರ ಯಂತ್ರದ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್ ಮೂಲಕ ಬೇರೊಂದು ಕಂಪ್ಯೂಟರಿಗೆ ಜೋಡಿಸಿದೆ. ಆಗ ಅದರಲ್ಲಿರುವ ವಿಂಡೋಸ್ ಓಡುತ್ತಿರುವುದಿಲ್ಲ, ಅದರೊಳಗಿನ ಕಳ್ಳನೂ ಓಡುತ್ತಿರುವುದಿಲ್ಲ, ಹೊರಗಿನಿಂದ ನಾವು ಓದುತ್ತಿರುತ್ತೇವೆ. ಮೊದಲ ಕೆಲಸ ಡಾಕ್ಯುಮೆಂಟುಗಳ ನಕಲು, ಜೊತೆಗೆ ಫಾಂಟ್ಸ್ ಫೋಲ್ಡರಿನ ನಕಲು. ಅದಾದ ಮೇಲೆ ಸ್ಕ್ಯಾನ್. ಆಮೇಲೆ, ತಾನಾಗಿ ಶುರುವಾಗುವ ಪ್ರೋಗ್ರಾಮುಗಳನ್ನು ಪಟ್ಟಿ ಮಾಡುವ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್‌ನಲ್ಲಿ, ಓಡದ ವಿಂಡೋಸನ್ನು ಹೊರಗಿನಿಂದ ಪರೀಕ್ಷಿಸುವ ಆಯ್ಕೆ. ಡಿಸ್ಕ್ ಬಿಚ್ಚಲು ಬಾರದವರು ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೂ ಹೊರಗಿನಿಂದ ಓದುವ ಅನುಕೂಲ ಸಿಗುತ್ತದೆ.

ಸಿಕ್ಕಿದ್ದು ಹೀಗೆ. ವಿಂಡೋಸ್ ಫೋಲ್ಡರಿನ ಸಿಸ್ಟಮ್32ರ ಒಳಗೆ ಟಾಸ್ಕ್ಸ್ ಎಂಬ ಫೋಲ್ಡರಿದೆ. ಹೊತ್ತಿಗೆ ಸರಿಯಾಗಿ ನಡೆಯಬೇಕಾದ ಕೆಲಸಗಳೆಲ್ಲ ಅಲ್ಲಿ ಒಂದೊಂದು ಕಡತವಾಗಿ ಕೂತಿರುತ್ತವೆ. ಹೆಸರಿನ ಕೊನೆಗೆ ಎಕ್ಸ್‌ಟೆನ್ಷನ್ ಇಲ್ಲದ ಕಡತಗಳು, ಆದರೆ ನೋಟ್‌ಪ್ಯಾಡಿನಲ್ಲಿ ತೆರೆದರೆ ಸಲೀಸಾಗಿ ಓದಬಹುದು. ಒಂದರ ಹೆಸರು ಬ್ರೌಸರ್ ಅಪ್‌ಡೇಟಿನಂತಿತ್ತು. ಒಳಗೆ ನೋಡಿದರೆ ಗಂಟೆಗೊಮ್ಮೆ ಡಬ್ಲ್ಯುಸ್ಕ್ರಿಪ್ಟ್ ಓಡಿಸಬೇಕೆಂಬ ಆಜ್ಞೆ. ಡಬ್ಲ್ಯುಸ್ಕ್ರಿಪ್ಟ್ ಮೈಕ್ರೋಸಾಫ್ಟಿನದೇ, ಸ್ಕ್ರಿಪ್ಟುಗಳನ್ನು ಓಡಿಸುವ, ಅಸಲಿ ಸಹಿ ಇರುವ ಪ್ರೋಗ್ರಾಮ್. ಆ್ಯಂಟಿವೈರಸ್ ಸುಮ್ಮನಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಕೆಳಗಿನ ಸಾಲಿನಲ್ಲಿ, ಓಡಿಸಬೇಕಾದ ಸ್ಕ್ರಿಪ್ಟಿನ ವಿಳಾಸ: ಪ್ರೋಗ್ರಾಮುಗಳು ತಮ್ಮ ಮಾಹಿತಿ ಇಡುವ ಆ್ಯಪ್‌ಡೇಟಾ ಒಳಗೆ, ಓದಲು ಬಾರದ ಅಕ್ಷರಗಳ ಹೆಸರಿನ ಫೋಲ್ಡರು. ಬ್ರೌಸರನ್ನು ರೀಸೆಟ್ ಮಾಡಿದರೂ ಆ ಹುಡುಕುತಾಣ ಬರುತ್ತಿದ್ದದ್ದಕ್ಕೆ ಬೇರೆಯೇ ಕಾರಣವಿತ್ತು. ಡೆಸ್ಕ್‌ಟಾಪಿನ ಮೇಲಿನ ಬ್ರೌಸರ್ ಶಾರ್ಟ್‌ಕಟ್ಟಿನ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, 'ಟಾರ್ಗೆಟ್' ಎಂಬ ಪೆಟ್ಟಿಗೆಯಲ್ಲಿ ಕರ್ಸರನ್ನು ಕೊನೆಯವರೆಗೂ ಒಯ್ಯಿರಿ. ಪ್ರೋಗ್ರಾಮಿನ ಹೆಸರು ಮುಗಿದ ಮೇಲೂ ಒಂದು ಜಾಲತಾಣದ ವಿಳಾಸ ಅಂಟಿಕೊಂಡಿತ್ತು. ಪೆಟ್ಟಿಗೆ ಚಿಕ್ಕದು, ಬಾಲ ಹೊರಗೆ ಕಾಣುವುದಿಲ್ಲ.

ಸ್ಕ್ರಿಪ್ಟನ್ನು ಹೊರಗಿನಿಂದಲೇ ಅಳಿಸಿ, ಡಿಸ್ಕನ್ನು ಮರಳಿ ಜೋಡಿಸಿ, ಒಳಗೆ ಹೋಗಿ ಟಾಸ್ಕನ್ನು ತೆಗೆದೆ. ಇಂಟರ್ನೆಟ್ ನಿಂತಿತು. "ಶುಚಿ ಮಾಡಲು ಹೋಗಿ ನೆಟ್ ಹಾಳಾಯಿತು" ಎಂದು ಜನ ಗಾಬರಿಯಾಗಿ ಫಾರ್ಮ್ಯಾಟ್ ಅಂಗಡಿಗೆ ಓಡುವುದು ಈ ಹಂತದಲ್ಲೇ. ಆದದ್ದೇನು? ಬ್ರೌಸರಿನ ಎಲ್ಲ ಸಂಚಾರವೂ 127.0.0.1 ಎಂಬ ಪ್ರಾಕ್ಸಿ ವಿಳಾಸದ ಮೂಲಕ, ಅಂದರೆ ಇದೇ ಯಂತ್ರದೊಳಗೆ ಕೂತಿದ್ದ ಕಳ್ಳನ ಮೂಲಕ ಹೋಗುವಂತೆ ಸೆಟ್ಟಿಂಗ್ ಬದಲಾಗಿತ್ತು. ಕಳ್ಳ ಹೋದ, ವಿಳಾಸ ಉಳಿಯಿತು. ಪ್ರಾಕ್ಸಿಯ ಟಿಕ್ ತೆಗೆದೊಡನೆ ನೆಟ್ ಬಂತು. ರುಸಿನೋವಿಚರ ಸಿಡಿ ಡ್ರೈವಿಗೆ ಆದದ್ದೂ ಇಷ್ಟೇ ತಾನೆ.

ಡಿಸ್ಕ್ ಬಿಚ್ಚದೆ ಒಳಗಿನಿಂದಲೇ ಕೆಲಸ ಮಾಡುವವರಿಗೆ, ರುಸಿನೋವಿಚರೇ ತಮ್ಮ ಉಪನ್ಯಾಸಗಳಲ್ಲಿ ಕಲಿಸಿದ ಒಂದು ಪಟ್ಟು. ಹಟಮಾರಿ ಮಾಲ್‌ವೇರ್ ಎಷ್ಟೋ ಸಲ ಜೋಡಿಯಾಗಿ ಓಡುತ್ತದೆ. ಒಂದನ್ನು ಕೊಂದರೆ ಇನ್ನೊಂದು ಅದನ್ನು ಮತ್ತೆ ಎಬ್ಬಿಸುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಅವರದೇ ಪ್ರೋಸೆಸ್ ಎಕ್ಸ್‌ಪ್ಲೋರರಿನಲ್ಲಿ ಮೊದಲು ಎರಡನ್ನೂ 'ಸಸ್ಪೆಂಡ್' ಮಾಡಿ. ಆಗ ಜೊತೆಗಾರ ಇನ್ನೂ ಇದ್ದಾನೆ ಎಂದೇ ಕಾಣುತ್ತದೆ, ಎಬ್ಬಿಸುವ ಪ್ರಶ್ನೆ ಬರುವುದಿಲ್ಲ. ಆಮೇಲೆ ಎರಡನ್ನೂ ಕೊಲ್ಲಿ.

ಆಟೋರನ್ಸ್ ಪಟ್ಟಿಯಲ್ಲಿ ಪ್ರಕಾಶಕರ ಗುರುತಿಲ್ಲದ ಇನ್ನೊಂದು ಸಾಲೂ ಇತ್ತು: ಅಧ್ಯಾಪಕರ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ. ಒಂದು ಕ್ಷಣ ಇದರ ಕೆಲಸವನ್ನು ಯೋಚಿಸಿ ನೋಡಿ. ನೀವು ಯಾವ ಪ್ರೋಗ್ರಾಮಿನಲ್ಲಿ ಯಾವ ಕೀಲಿ ಒತ್ತಿದರೂ ಅದನ್ನು ನಡುದಾರಿಯಲ್ಲೇ ಹಿಡಿದು, ಅದರ ಜಾಗದಲ್ಲಿ ಕನ್ನಡದ ಅಕ್ಷರ ಕೂರಿಸಿ ಮುಂದಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೀಲಿ ಹಿಡಿಯುವುದೂ ಇದೇ ವಿಧಾನದಿಂದ. ಕನ್ನಡ ಗೊತ್ತಿಲ್ಲದ ಸ್ಕ್ಯಾನರಿಗೆ ಈ ಎರಡರ ವ್ಯತ್ಯಾಸ ತಿಳಿಯಬೇಕೆಂದೇನಿಲ್ಲ. ಸಿಕ್ಕಿದ ಗುರುತಿಲ್ಲದ ಸಾಲನ್ನೆಲ್ಲ ಅಳಿಸುವ ಉತ್ಸಾಹಿಗಳು ಮನೆಯ ಕನ್ನಡವನ್ನೇ ಅಳಿಸಿದ್ದಾರೆ, ಆಮೇಲೆ ನನ್ನನ್ನು ಕೇಳಿದ್ದಾರೆ. ಕದಿಯುವ ತಂತ್ರಾಂಶವಾದರೆ ಹಿಡಿದ ಕೀಲಿಗಳನ್ನು ಎಲ್ಲಿಗಾದರೂ ಬರೆದಿಡಬೇಕು ಅಥವಾ ಕಳಿಸಬೇಕು. ಅದು ಇಂಟರ್ನೆಟ್ ಸಂಪರ್ಕ ತೆರೆಯುತ್ತಿದೆಯೇ ಎಂದು ಪ್ರೋಸೆಸ್ ಎಕ್ಸ್‌ಪ್ಲೋರರಿನ ಟಿಸಿಪಿ ಪುಟದಲ್ಲಿ ನೋಡಿ, ಅದರ ಕಡತ ಪ್ರೋಗ್ರಾಮ್ ಫೈಲ್ಸ್‌ನಲ್ಲಿದೆಯೋ ಆ್ಯಪ್‌ಡೇಟಾದ ಮೂಲೆಯಲ್ಲಿದೆಯೋ ನೋಡಿ, ಯಾವಾಗ ಬಂದು ಸೇರಿತು ಎಂದು ತಾರೀಖು ನೋಡಿ. ಇಷ್ಟು ನೋಡಿಯೇ ತೀರ್ಮಾನಿಸಿ.

ಫಾರ್ಮ್ಯಾಟ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ಸ್ಯಾಲಿಟಿಯಂಥ ವೈರಸ್ ಡಿಸ್ಕಿನಲ್ಲಿರುವ ಇತರ ಪ್ರೋಗ್ರಾಮುಗಳ ಒಳಗೇ ತನ್ನನ್ನು ಬರೆದುಕೊಳ್ಳುತ್ತದೆ, ಒಂದೊಂದನ್ನೂ ಹೆಕ್ಕಿ ಶುಚಿಗೊಳಿಸುವುದು ವ್ಯರ್ಥ. ಬೂಟ್ ಆಗುವ ಮೊದಲೇ ಏಳುವ ರೂಟ್‌ಕಿಟ್ ಇದ್ದರೂ ಹಾಗೇ. ಆಗ ಬರಹಗಳನ್ನು, ಫಾಂಟುಗಳನ್ನು ಹೊರಗಿನಿಂದ ತೆಗೆದುಕೊಂಡು, ಒಂದೇ ಒಂದು ಪ್ರೋಗ್ರಾಮ್ ಕಡತವನ್ನೂ ಜೊತೆಗೆ ತರದೆ, ಮನಸ್ಸು ಗಟ್ಟಿಮಾಡಿ ಒರೆಸಬೇಕು.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಎಷ್ಟೇ ಶುಚಿಗೊಳಿಸಿದರೂ 7ರ ಹಳೆಯ ತೂತುಗಳು ಮುಚ್ಚುವುದಿಲ್ಲ. ಆದ್ದರಿಂದ ಅಧ್ಯಾಪಕರ ಯಂತ್ರವನ್ನು ಇನ್ನು ಬರವಣಿಗೆಗೆ ಮಾತ್ರ ಎಂದು ಇಟ್ಟು, ನೆಟ್ ಕೇಬಲ್ ಕಿತ್ತಿದ್ದೇನೆ. ಅವರ ಬರಹಗಳ ಎರಡು ನಕಲು ಬೇರೆ ಬೇರೆ ಡಿಸ್ಕುಗಳಲ್ಲಿವೆ, ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಶುರುವಾಗಿದೆ.

ಇಂಥ ಯಂತ್ರದಲ್ಲಿ ನೆಟ್ ಬ್ಯಾಂಕಿಂಗ್ ಮಾಡಿದ್ದರೆ ಪಾಸ್‌ವರ್ಡುಗಳನ್ನು ಇನ್ನೊಂದು ಶುದ್ಧ ಯಂತ್ರದಿಂದ ಬದಲಿಸಿ, ಶುಚಿ ಮಾಡಿದ ಇದೇ ಯಂತ್ರದಿಂದ ಬೇಡ. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಏಕೆಂದರೆ ಬೇರೆ ಎಷ್ಟೋ ಪಾಸ್‌ವರ್ಡುಗಳನ್ನು ಮರುಪಡೆಯುವ ದಾರಿ ಇಮೇಲಿನ ಮೂಲಕ ಹಾದುಹೋಗುತ್ತದೆ. ಖಾತೆಯಿಂದ ಹಣ ಹೋದದ್ದು ಕಂಡರೆ ಯಂತ್ರವನ್ನು ಹಾಗೇ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.